ಎಡಮೆದುಳಿಗೆ ಟ್ಯೂಷನ್

ಯಾರನ್ನಾದರೂ ‘ತಲೆ ಇದೆಯೇನೋ ನಿನಗೆ?’ ಎಂದು ಬೈಯುವುದು ಬಹಳ ಸುಲಭ. ಊರಿನಲ್ಲಿ ಎಲ್ಲರೂ ಬೈಯುತ್ತಾರೆ, ನಾನೂ ಬೈಯುತ್ತೇನೆ. ನಮ್ಮ ದೊಡ್ಡಪ್ಪ ಮಾತ್ರ ಹಾಗೆ ಬೈದವರಲ್ಲ. ತಲೆಯೊಳಗೆ ಯಾವ ಭಾಗ ಇಲ್ಲ, ಇದ್ದರೆ ಅದು ಯಾವ ಕೆಲಸಕ್ಕೆ ಚಕ್ಕರ್ ಹೊಡೆದಿದೆ ಎಂಬುದನ್ನು ಬಿಡಿಸಿ ಹೇಳಿ ಬೈಯುತ್ತಾರೆ! ಬೈಸಿಕೊಂಡವನು ಮನೆಗೆ ಹೋಗಿ ಮಗಳ ವಿಜ್ಞಾನದ ಪುಸ್ತಕ ತೆಗೆದು ನೋಡಿದ ಮೇಲೇ ಅವನಿಗೆ ಸಿಟ್ಟು ಬರಬೇಕು. ಅಷ್ಟು ಹೊತ್ತಿಗೆ ಜಗಳವಾಡುವ ಹುರುಪು ಇಳಿದಿರುತ್ತದೆ.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ವಕ್ಕಲೇರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ. ಮುಳಬಾಗಿಲು ಕಡೆಯ ಹೈಸ್ಕೂಲುಗಳಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸವೆದು ನಿವೃತ್ತರಾದವರು. ಪುಸ್ತಕದಲ್ಲಿ ಪಾಠಗಳು ಎಷ್ಟೇ ಇರಲಿ, ಅವರ ಪಾಲಿಗೆ ಇದ್ದದ್ದು ಒಂದೇ ಪಾಠ, ನರಮಂಡಲ. ಬೆಳಕು, ವಿದ್ಯುತ್ತು, ಆಮ್ಲ, ಪ್ರತ್ಯಾಮ್ಲಗಳನ್ನೆಲ್ಲ ಬಸ್ಸು ಹಿಡಿಯುವವರ ಹಾಗೆ ಓಡಿಸಿ ಮುಗಿಸಿ, ಮೆದುಳಿಗೆ ಬಂದರೋ, ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು!

ಆ ಪಾಠಕ್ಕೆ ಒಂದು ದೊಡ್ಡ ಹೂಕೋಸು ಬೇಕಾಗುತ್ತಿತ್ತು. ನಮ್ಮ ಕಡೆ ಹೂಕೋಸಿಗೆ ಬರವೇ? ಹುಡುಗರೇ ತೋಟದಿಂದ ತರುತ್ತಿದ್ದರು. ಅದನ್ನು ನಡುವೆ ಸೀಳಿ ಎತ್ತಿ ಹಿಡಿದು, ‘ಇದು ಮಹಾಮಸ್ತಿಷ್ಕ. ಯೋಚನೆ ಮಾಡೋದು, ನೋಡಿದ್ದು ಕೇಳಿದ್ದು ಅರ್ಥ ಮಾಡ್ಕೊಳ್ಳೋದು, ಮಾತಾಡೋದು ಎಲ್ಲಾ ಇದರ ಇಲಾಖೆ. ಎಡಗಡೆ ಅರ್ಧ ಬಲಗೈನ ಆಳುತ್ತೆ, ಬಲಗಡೆ ಅರ್ಧ ಎಡಗೈನ ಆಳುತ್ತೆ. ಯಾಕೆ ಹಿಂಗೆ ಅಡ್ಡಾದಿಡ್ಡಿ ಅಂತ ನನ್ನ ಕೇಳ್ಬೇಡ್ರೋ, ಮಾಡಿದೋನ್ನ ಕೇಳಿ’ ಎನ್ನುತ್ತಿದ್ದರು. ಅದರ ಕೆಳಗೆ ಒಂದು ಸಣ್ಣ ನವಿಲುಕೋಸು ಇಟ್ಟರೆ ಅದು ಅನುಮಸ್ತಿಷ್ಕ. ನಡೆಯುವಾಗ ನಾವು ಬೀಳದ ಹಾಗೆ ನೋಡಿಕೊಳ್ಳುವುದು ಅದೇ. ಪಕ್ಕದಲ್ಲಿ ಮೂಲಂಗಿಯ ಬುಡ. ಅದು ಮೆಡುಲ್ಲಾ; ನಾವು ಗೊರಕೆ ಹೊಡೆಯುತ್ತಿದ್ದರೂ ಉಸಿರನ್ನೂ ಎದೆಬಡಿತವನ್ನೂ ನೋಡಿಕೊಳ್ಳುವ, ಹಬ್ಬಕ್ಕೂ ರಜೆ ಕೇಳದ ನೌಕರ. ಮೂಲಂಗಿಯ ಬಾಲವೇ ಬೆನ್ನುಹುರಿ. ಪಾಠ ಮುಗಿದ ಮೇಲೆ ಇಷ್ಟೂ ಚೀಲದಲ್ಲಿ ಕೂತು ಮನೆಗೆ ಬರುತ್ತಿತ್ತು. ಸಂಜೆ ದೊಡ್ಡಮ್ಮ ಮುದ್ದೆಗೆ ಅದನ್ನೇ ಸಾರು ಮಾಡುತ್ತಿದ್ದರು. ‘ಏನು ಸಾರು ದೊಡ್ಡಮ್ಮಾ?’ ಎಂದು ನಾನು ಗೋಡೆಯಾಚೆಯಿಂದ ಕೂಗಿದರೆ ಉತ್ತರ ಬರುತ್ತಿದ್ದದ್ದು ದೊಡ್ಡಪ್ಪನಿಂದ: ‘ಕೇಂದ್ರ ನರವ್ಯೂಹ ಕಣೋ!’ ಅವರ ಕೈಕೆಳಗೆ ಓದಿದ ಎಷ್ಟೋ ಹುಡುಗರು ಇವತ್ತಿಗೂ ಗೋಬಿ ಮಂಚೂರಿ ಮುಂದೆ ಬಂದರೆ ಒಂದು ಗಳಿಗೆ ತಡೆಯುತ್ತಾರಂತೆ.

ರಿಟೈರಾದ ಮೇಲೆ ಈ ಪಾಠ ಊರಿನ ಮೇಲೆ ಬಿತ್ತು. ನಾನು ಹಾಲಿನ ಕ್ಯಾನು ಹಿಡಿದು ಹೊಸಿಲು ಎಡವಿದರೆ, ‘ಏನ್ಲಾ, ನಿನ್ನ ಅನುಮಸ್ತಿಷ್ಕ ರಜಾ ಹಾಕೈತಾ?’ ಹಸಿವಾಗುತ್ತಿದೆ ಎಂದು ಅಡುಗೆಮನೆಗೆ ಇಣುಕಿದರೆ, ‘ನಿನ್ನ ಹೈಪೋಥಲಾಮಸ್‌ಗೆ ಬೇರೆ ಕೆಲಸಾನೇ ಇಲ್ವಾ?’ ನಾವು ಮನೆಯವರು ಹೇಗೋ ಸಹಿಸಿಕೊಂಡೆವು. ಹೊರಗಿನವರು ಸಹಿಸುತ್ತಾರೆಯೇ? ಡೈರಿ ಸೆಕ್ರೆಟರಿಗೆ ದೊಡ್ಡಪ್ಪ ಏನೋ ಹೇಳಿ ಕಳಿಸಿದ್ದರು, ಅವನು ಮರೆತ. ಹಾಲು ಹಾಕುವ ಹೆಂಗಸರೆಲ್ಲ ಸಾಲಿನಲ್ಲಿ ನಿಂತಿರುವಾಗ, ‘ನಿನ್ನ ಹಿಪ್ಪೊಕ್ಯಾಂಪಸ್ಸೇ ಸರಿಯಿಲ್ಲ ಕಣಯ್ಯ’ ಎಂದುಬಿಟ್ಟರು. ಅವನು ಸೀದಾ ನಮ್ಮಪ್ಪನ ಹತ್ತಿರ ಬಂದ.

‘ನೋಡಿ, ಮೇಷ್ಟ್ರು ನನ್ನ ನೀರಾನೆ ಅಂದ್ರು. ನಾನು ಸ್ವಲ್ಪ ದಪ್ಪ ಇದೀನಿ, ಒಪ್ಕೊಂತೀನಿ. ಆದ್ರೆ ಹೆಂಗಸ್ರ ಮುಂದೆ ಅನ್ನಬಹುದಾ?’

ದೊಡ್ಡಪ್ಪ ಗೋಡೆಯಾಚೆಯಿಂದಲೇ ಕೇಳಿಸಿಕೊಂಡು ಓಡಿ ಬಂದರು. ‘ನೀರಾನೆ ಅಲ್ಲಯ್ಯ! ಅದು ಮೆದುಳಲ್ಲಿ ನೆನಪು ಕೂಡಿಡೋ ಜಾಗ. ನೋಡೋಕೆ ಕಡಲಕುದುರೆ ಥರ ಇರುತ್ತೆ, ಅದಕ್ಕೇ ಆ ಹೆಸರು. ನೀನು ಆನೆ ಅಲ್ಲ, ಕುದುರೆ!’ ಸೆಕ್ರೆಟರಿ ಆ ಸಂತೋಷಕ್ಕೆ ಬಹಳ ದಿನ ಅವರ ಜೊತೆ ಮಾತು ಬಿಟ್ಟಿದ್ದ.

ಮಗಳ ಮದುವೆಯಲ್ಲಾದರೂ ಸುಮ್ಮನಿದ್ದರೇ? ಕ್ಯಾಲನೂರಿನಿಂದ ಹೆಣ್ಣು ನೋಡಲು ಬಂದಿದ್ದರು. ಹಸು ಕಟ್ಟಿಕೊಂಡು ಹಾಲು ಹಾಕುವ ಮನೆ, ಹುಡುಗ ಸಂಭಾವಿತ. ದೊಡ್ಡಪ್ಪ ಅವನೆದುರು ಕುರ್ಚಿ ಎಳೆದುಕೊಂಡು ಕೂತು, ‘ಸ್ವಲ್ಪ ಕಾಲ ಮೇಲೆ ಕಾಲು ಹಾಕ್ಕೊಳಪ್ಪ’ ಎಂದರು. ಹಿರಿಯರ ಮುಂದೆ ಕಾಲ ಮೇಲೆ ಕಾಲು! ಹುಡುಗನಿಗೆ ಬೆವರು. ಅವನ ತಾಯಿ ಕಣ್ಣು ಬಿಟ್ಟು ಬೇಡ ಎನ್ನುತ್ತಾರೆ, ಮಾವ ಆಗಬೇಕಾದವರು ಹಾಕು ಎನ್ನುತ್ತಾರೆ. ಕೊನೆಗೆ ಹಾಕಿದ. ದೊಡ್ಡಪ್ಪ ಬೆನ್ನ ಹಿಂದಿನಿಂದ ಲಟ್ಟಣಿಗೆ ತೆಗೆದು ಮಂಡಿಯ ಕೆಳಗೆ ಟಕ್ಕನೆ ಒಂದು ಬಿಟ್ಟರು. ಕಾಲು ಹಾರಿತು, ಕಾಲಿನ ಜೊತೆ ಬಜ್ಜಿಯ ತಟ್ಟೆಯೂ ಹಾರಿ ಬೀಗಿತ್ತಿಯ ಮಡಿಲಿಗೆ ಬಿತ್ತು. ‘ನೋಡಿದ್ರಾ? ಮೆದುಳಿಗೆ ಅರ್ಜಿ ಹೋಗೋಕೆ ಮುಂಚೆ ಬೆನ್ನುಹುರಿನೇ ಸೈನ್ ಹಾಕಿ ಕಳಿಸ್ತು! ಪರಾವರ್ತಿತ ಕ್ರಿಯೆ ಫಸ್ಟ್ ಕ್ಲಾಸ್. ಹುಡುಗ ನನಗೆ ಒಪ್ಪಿಗೆ!’ ಹುಡುಗಿಗೆ ಒಪ್ಪಿಗೆಯೇ ಎಂದು ಕೇಳಬೇಕೆಂಬುದು ಆ ಗಲಾಟೆಯಲ್ಲಿ ಅವರಿಗೆ ಹೊಳೆಯಲೇ ಇಲ್ಲ. ಪುಣ್ಯಕ್ಕೆ ಅವಳು ಬಾಗಿಲ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಇಂಥ ವಿಜ್ಞಾನಿಗೆ ಒಂದು ವಿಷಯದಲ್ಲಿ ಮಾತ್ರ ವಿಜ್ಞಾನ ಕೈಕೊಟ್ಟಿತ್ತು. ಅದು ತೆಲುಗು. ಕೋಲಾರದ ಸೀಮೆಯಲ್ಲಿ ಹುಟ್ಟಿ ತೆಲುಗು ಬಾರದವರು ಉಂಟೇ? ನಮ್ಮಲ್ಲಿ ಮಗು ಕನ್ನಡದಲ್ಲಿ ಅತ್ತರೆ ತೆಲುಗಿನಲ್ಲಿ ಸಮಾಧಾನ ಮಾಡುತ್ತಾರೆ. ಬಸ್ಸಿನ ಜಗಳ ಕನ್ನಡದಲ್ಲಿ ಹುಟ್ಟಿ, ತೆಲುಗಿನಲ್ಲಿ ಬೆಳೆದು, ಉರ್ದುವಿನಲ್ಲಿ ಮುಗಿಯುತ್ತದೆ. ದೊಡ್ಡಪ್ಪ ಮಾತ್ರ ತೆಲುಗಿಗೆ ಬಾಗಿಲು ಹಾಕಿ ಚಿಲಕ ಜಡಿದವರು. ಎದುರಿನವರು ತೆಲುಗಿನಲ್ಲಿ ಎಷ್ಟೇ ಮಾತಾಡಲಿ, ಇವರದು ಕನ್ನಡ. ‘ರಾ, ಪೋ’ ಬಿಟ್ಟರೆ ಮೂರನೆಯ ಪದ ಅವರ ಬಾಯಲ್ಲಿ ಕೇಳಿದವರಿಲ್ಲ. ಯಾಕೆಂದು ಕೇಳಿದರೆ ಒಂದು ಸಿದ್ಧಾಂತ: ‘ಮೆದುಳಲ್ಲಿ ಮಾತಿಗೆ ಇರೋದು ಒಂದೇ ಸೀಟು ಕಣೋ. ತೆಲುಗು ಬಂದು ಕೂತ್ಕೊಂಡ್ರೆ ಕನ್ನಡ ಎದ್ದು ನಿಂತ್ಕೋಬೇಕಾಗುತ್ತೆ.’ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರೆ, ‘ಎಲ್ಲಾ ಪುಸ್ತಕದಲ್ಲಿ ಇರಲ್ಲ’ ಎನ್ನುತ್ತಿದ್ದರು.

ದೇವರಿಗೆ ತಮಾಷೆ ಮಾಡುವ ಚಟ. ಅವರಿಗೆ ಗಂಟು ಬಿದ್ದ ಹೆಣ್ಣು ತಾಯಲೂರಿನದು. ಮನೆಮಾತು ಅಪ್ಪಟ ತೆಲುಗು. ಹೊಸಿಲು ದಾಟಿದ ದಿನವೇ ದೊಡ್ಡಪ್ಪ ಈ ಮನೆಯಲ್ಲಿ ಕನ್ನಡ ಎಂದು ಕಟ್ಟಪ್ಪಣೆ ಮಾಡಿದರಂತೆ. ದೊಡ್ಡಮ್ಮ ಕಲಿತರು. ಹೂಂ, ಆಯ್ತು, ಬಂದೆ, ಬಡಿಸ್ಲಾ? ಇಷ್ಟರಲ್ಲಿ ಅವರ ಸಂಸಾರ ನಡೆದುಹೋಯಿತು. ದೊಡ್ಡಮ್ಮ ಮಿತಭಾಷಿ ಎಂದೇ ನಾವೆಲ್ಲ ನಂಬಿದ್ದೆವು. ದೊಡ್ಡಪ್ಪನಿಗಂತೂ ಅದೊಂದು ಹೆಮ್ಮೆ. ‘ನಮ್ಮೋಳು ಒಂದು ಮಾತಿಗೆ ಎರಡು ಮಾತು ಆಡಿದೋಳಲ್ಲ’ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಅವರೆಕಾಯಿ ಕಾಲ ಶುರುವಾದ ಹೊಸದರಲ್ಲಿ ಒಂದು ಬೆಳಗ್ಗೆ ದೊಡ್ಡಮ್ಮ ಕಾಫಿ ಕೊಡಲು ಬಂದರು. ಲೋಟ ಕೈಜಾರಿ ಬಿತ್ತು. ದೊಡ್ಡಪ್ಪ ಅಭ್ಯಾಸಬಲದಿಂದ, ‘ಏನೇ, ನಿನ್ನ ಅನುಮಸ್ತಿಷ್ಕ...’ ಎಂದು ಶುರು ಮಾಡಿದವರು ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ‘ಸ್ವಲ್ಪ ನಗು’ ಎಂದರು. ಬಾಯಿ ಒಂದು ಕಡೆಗೆ ಜೋತಿತು. ‘ಎರಡೂ ಕೈ ಎತ್ತು’ ಎಂದರು. ಬಲಗೈ ಏಳಲಿಲ್ಲ. ‘ನಿನ್ನ ಹೆಸರು ಹೇಳು’ ಎಂದರು. ದೊಡ್ಡಮ್ಮನ ಬಾಯಿಂದ ಬಂದದ್ದು ಮಾತಲ್ಲ, ಬರೀ ಸದ್ದು.

‘ಎಡಮೆದುಳು! ಗಾಡಿ ತೆಗಿಯೋ!’ ಎಂದು ಅವರು ಕೂಗಿದ ಕೂಗು ಡೈರಿಯವರೆಗೂ ಕೇಳಿಸಿತು. ಅಕ್ಕಪಕ್ಕದವರು ಸೇರಿದರು. ಒಬ್ಬರು ದೃಷ್ಟಿಯಾಗಿದೆ ನಿಂಬೆಹಣ್ಣು ನಿವಾಳಿಸಿ ಎಂದರು, ಇನ್ನೊಬ್ಬರು ಲಕ್ವಕ್ಕೆ ನಾಟಿ ಔಷಧಿ ಕೊಡ್ತಾರೆ ಕರೆತರ್ತೀನಿ ಎಂದರು. ‘ನಿಂಬೆಹಣ್ಣು ಆಮೇಲೆ, ನಾಟಿ ಔಷಧಿ ಆಮೇಲೆ, ಮೊದಲು ಸ್ಕ್ಯಾನು! ದಾರಿ ಬಿಡ್ರೀ!’ ಮಾತು ಬಿಟ್ಟಿದ್ದ ಸೆಕ್ರೆಟರಿಯೇ ಹಾಲಿನ ವ್ಯಾನು ತಂದು ನಿಲ್ಲಿಸಿದ. ಖಾಲಿ ಕ್ಯಾನುಗಳ ನಡುವೆ ಹಾಸಿಗೆ ಹಾಸಿ ಮಲಗಿಸಿ ಕೋಲಾರದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ದೊಡ್ಡಪ್ಪ ಆ ಏಳದ ಬಲಗೈಯನ್ನು ಹಿಡಿದುಕೊಂಡೇ ಇದ್ದರು. ವ್ಯಾನು ಹತ್ತಿದ ಮೇಲೆ ಅವರು ಯಾವ ಭಾಗದ ಹೆಸರನ್ನೂ ಹೇಳಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ಹೊತ್ತಿಗೆ ಸರಿಯಾಗಿ ಕರೆತಂದಿರಿ ಎಂದು ಡಾಕ್ಟರು ಹೇಳಿದರು. ಜೀವ ಉಳಿಯಿತು. ಬಲಗಡೆ ಕೈಕಾಲಿನ ಶಕ್ತಿ ಕುಂದಿತ್ತು, ಮಾತು ಪೂರ್ತಿ ನಿಂತಿತ್ತು. ಕೆಲವು ದಿನ ಕಳೆದ ಮೇಲೆ ದೊಡ್ಡಮ್ಮ ತುಟಿ ಅಲುಗಿಸಿ ಒಂದು ಪದ ಹೇಳಿದರು: ‘ನೀಳ್ಳು.’ ನರ್ಸಮ್ಮ ಸರಕ್ಕನೆ ನೀರು ಕುಡಿಸಿದಳು. ನಾನು ಕಣ್ಣು ಒರೆಸಿಕೊಂಡೆ. ದೊಡ್ಡಪ್ಪ ಮಾತ್ರ ಹುಬ್ಬು ಗಂಟಿಕ್ಕಿ, ‘ಏನಂದ್ಲು?’ ಎಂದರು.

‘ನೀರು ಅಂದ್ರು ದೊಡ್ಡಪ್ಪ.’

‘ನೀರು ಅಂತ ಅನ್ನಲಿಲ್ಲವಲ್ಲೋ!’

ಆಮೇಲೆ ಬಂದ ಪದಗಳೂ ಹಾಗೆಯೇ, ಒಂದಾದರೂ ಕನ್ನಡವಲ್ಲ. ದೊಡ್ಡಪ್ಪ ಡಾಕ್ಟರ ಬಾಗಿಲಿಗೆ ಹೋಗಿ ನಿಂತರು. ‘ನನ್ನ ಕನ್ನಡ ಎಲ್ಲಿ ಹೋಯ್ತು ಡಾಕ್ಟ್ರೇ?’

‘ಎಲ್ಲೂ ಹೋಗಿಲ್ಲ ಸಾರ್. ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗ್ತಿದೆ. ಬಾಯಿಗೆ ತರೋ ದಾರಿ ಕಟ್ಟಿದೆ, ಅಷ್ಟೆ. ಕೆಲವರಿಗೆ ಮೊದಲು ಕಲಿತ ಭಾಷೆ ಮೊದಲು ವಾಪಸ್ ಬರುತ್ತೆ. ಕನ್ನಡ ಆಮೇಲೆ ಬರಬಹುದು, ಬರದೇನೂ ಇರಬಹುದು. ಮಾತಾಡಿಸ್ತಾ ಇರಿ.’

‘ಬರದೇನೂ ಇರಬಹುದು’ ಎಂಬ ಮಾತನ್ನು ದೊಡ್ಡಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೆ ನಾನು ಹಾಕಿಕೊಂಡೆ. ಒಂದೇ ಸೂರಿನ ಕೆಳಗೆ ಮುದುಕರಾದ ಗಂಡಹೆಂಡತಿಯಲ್ಲಿ ಇನ್ನು ಮುಂದೆ ಹೆಂಡತಿಯ ಮಾತು ಗಂಡನಿಗೆ ತಿಳಿಯುವುದಿಲ್ಲವೇ? ಅವರಾಡಿದ್ದು ಇವರಿಗೆ ಗೊತ್ತಾಗದೆ, ಇವರೊಬ್ಬರೇ ಮಾತಾಡಿಕೊಂಡು ಉಳಿದ ದಿನ ಕಳೆಯಬೇಕೇ? ಯೋಚಿಸಿದರೆ ನನಗೆ ಊಟ ಸೇರುತ್ತಿರಲಿಲ್ಲ.

ದೊಡ್ಡಪ್ಪನಿಗೆ ಊಟ ಸೇರುತ್ತಿತ್ತು. ಯಾಕೆಂದರೆ ಅವರು ಹಠ ಹಿಡಿದಾಗಿತ್ತು. ‘ದಾರಿ ಕಟ್ಟಿದ್ರೆ ಹೊಸ ದಾರಿ ಹಾಕಿದ್ರಾಯ್ತು. ಎರಡು ನರಕೋಶ ಒಂದಕ್ಕೊಂದು ಮುಟ್ಟೋದೇ ಇಲ್ಲ ಕಣೋ, ನಡುವೆ ಸಣ್ಣ ಸಂದು ಇರುತ್ತೆ. ಆ ಸಂದು ದಾಟಿ ಸುದ್ದಿ ಓಡಾಡ್ತಾ ಇದ್ರೆ ದಾರಿ ತಾನಾಗೇ ಗಟ್ಟಿಯಾಗುತ್ತೆ. ನಾನು ಓಡಾಡಿಸ್ತೀನಿ!’ ಎಂದು ತೊಡೆ ತಟ್ಟಿದರು. ದೊಡ್ಡಮ್ಮ ಮನೆಗೆ ಬಂದ ಮಾರನೆಯ ಬೆಳಗ್ಗೆಯೇ ಎಡಮೆದುಳಿಗೆ ಟ್ಯೂಷನ್ ಆರಂಭವಾಯಿತು.

ಎಡಮೆದುಳಿಗೆ ಹೆಚ್ಚು ಸುದ್ದಿ ಹೋಗುವುದು ಬಲಗಿವಿಯಿಂದ. ಆದ್ದರಿಂದ ಎಲ್ಲರೂ ಬಲಗಿವಿಗೇ ಮಾತಾಡಬೇಕೆಂದು ಆಜ್ಞೆಯಾಯಿತು. ತೊಂದರೆಯೆಂದರೆ ದೊಡ್ಡಮ್ಮನ ಮಂಚದ ಬಲಕ್ಕೆ ಗೋಡೆ ಇತ್ತು. ಮಂಚವನ್ನು ಎಳೆದು ನಡುಮನೆಗೆ ಹಾಕಿದ್ದಾಯಿತು. ನೋಡಲು ಬಂದ ನೆಂಟರೆಲ್ಲ ಬಲಗಡೆಯೇ ಸಾಲಾಗಿ ನಿಲ್ಲಬೇಕು, ಸರದಿಯಂತೆ ಬಗ್ಗಿ ಕಿವಿಯಲ್ಲಿ ಚೆನ್ನಾಗಿದೀರಾ ಎಂದು ಕನ್ನಡದಲ್ಲಿ ಕೇಳಬೇಕು. ಗೊತ್ತಿಲ್ಲದೆ ಎಡಕ್ಕೆ ಹೋದವರನ್ನು ದೊಡ್ಡಪ್ಪ ತೋಳು ಹಿಡಿದು ಬಲಕ್ಕೆ ದಾಟಿಸುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ರೋಗಿಯನ್ನು ನೋಡುವ ಸಾಲೋ, ದೇವಸ್ಥಾನದಲ್ಲಿ ನಂದಿಯ ಕಿವಿಗೆ ಕೋರಿಕೆ ಹೇಳುವ ಸಾಲೋ ತಿಳಿಯುತ್ತಿರಲಿಲ್ಲ!

ಬಲಗೈಗೆ ಬೇರೆ ಪಾಠ. ಆಸ್ಪತ್ರೆಯವರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ದೊಡ್ಡಪ್ಪ ಅದನ್ನು ಮೂಲೆಗೆ ಎಸೆದು ನೆನೆಸಿದ ಅವರೆಕಾಳಿನ ಬಟ್ಟಲು ತಂದಿಟ್ಟರು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಿಚಕ್ಕನೆ ಹಾರಬೇಕು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಕಲಿಸಬೇಕೇ? ದೊಡ್ಡಮ್ಮನ ಬೆರಳು ಮೊದಲು ಅಲುಗಲಿಲ್ಲ. ದಿನಾ ಬೆಳಗ್ಗೆ ದೊಡ್ಡಪ್ಪ ಎದುರು ಕೂತು ಅದೇ ಬಟ್ಟಲು, ಅದೇ ಕಾಳು. ನಮ್ಮಮ್ಮ ಸಾಕು ಬಿಡಿ ಭಾವ, ಪಾಪ ಎಂದರೂ ಕೇಳಲಿಲ್ಲ. ಒಂದು ದಿನ ಒಂದು ಬೇಳೆ ಹಾರಿ ಸೀದಾ ದೊಡ್ಡಪ್ಪನ ಕನ್ನಡಕಕ್ಕೆ ಹೊಡೆಯಿತು. ‘ಬಂತು! ಎಡಮೆದುಳಿಂದ ಹೊರಟಿದ್ದು ಬೆನ್ನುಹುರಿ ಇಳಿದು ಬೆರಳಿಗೆ ಬಂತು!’ ಎಂದು ಕುಣಿದರು. ಆ ಚಳಿಗಾಲ ಪೂರ್ತಿ ಎರಡೂ ಮನೆಗೆ ಹಿತುಕಿದ ಬೇಳೆಯದೇ ಸಾರು. ಕೈ ಸುಧಾರಿಸಿತು, ಕಾಲೂ ಸುಧಾರಿಸಿತು. ಬಲಗಿವಿಯಲ್ಲಿ ಸುರಿದ ಕನ್ನಡ ಮಾತ್ರ ಹೋದ ದಾರಿಯಲ್ಲಿ ವಾಪಸ್ ಬರಲಿಲ್ಲ.

ತಪಾಸಣೆಗೆಂದು ಮತ್ತೆ ಕೋಲಾರಕ್ಕೆ ಹೋದೆವು. ಡಾಕ್ಟರು ಪೆನ್ನು, ಗಡಿಯಾರ, ಬೀಗದಕೈ ಎಂದು ಒಂದೊಂದನ್ನೇ ತೋರಿಸಿ ಹೆಸರು ಕೇಳಿದರು. ಎಲ್ಲಕ್ಕೂ ತೆಲುಗಿನ ಉತ್ತರ. ಕೊನೆಗೆ ಮಂಚದ ಕೆಳಗಿದ್ದ ದೊಡ್ಡಮ್ಮನ ಚಪ್ಪಲಿಯ ಕಡೆ ಬೆರಳು ಮಾಡಿದರು. ದೊಡ್ಡಮ್ಮ ಬಗ್ಗಿ ನೋಡಿ, ‘ಎಕ್ಕಡ’ ಎಂದರು.

ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ‘ಕನ್ನಡ! ಚಪ್ಪಲಿಗೆ ಎಕ್ಕಡ ಅನ್ನೋದು ಅಚ್ಚಕನ್ನಡ! ಬಂತು ಡಾಕ್ಟ್ರೇ, ಬಂತು!’

‘ದೊಡ್ಡಪ್ಪ, ತೆಲುಗಲ್ಲಿ ಎಕ್ಕಡ ಅಂದ್ರೆ ಎಲ್ಲಿ ಅಂತ’ ಎಂದೆ ಮೆಲ್ಲಗೆ.

‘ಸುಮ್ನಿರೋ! ಅವಳು ತಾಯಲೂರೋಳು. ಅಲ್ಲಿ ಎಲ್ಲಿ ಅನ್ನೋಕೆ ಯಾಡ ಅಂತಾರೆ. ಎಕ್ಕಡ ಅನ್ನೋದು ಟಿವಿ ತೆಲುಗು. ನಮ್ಮೋಳು ಟಿವಿ ಥರ ಮಾತಾಡ್ತಾಳಾ?’

‘ತೆಲುಗೇ ಬರಲ್ಲ ಅಂತಿದ್ರಿ, ಯಾಡ ಹೆಂಗೆ ಗೊತ್ತು?’

ದೊಡ್ಡಪ್ಪ ತಡವರಿಸಿದರು. ‘ಅದು... ನಮ್ಮ ಮಾವ ಯಾವಾಗ್ಲೂ ಅಳಿಯ ಯಾಡ, ಅಳಿಯ ಯಾಡ ಅಂತ ನನ್ನ ಹುಡುಕ್ತಾ ಇದ್ರು.’

ಡಾಕ್ಟರಿಗೂ ಇದು ಕಗ್ಗಂಟಾಯಿತು. ನರ್ಸಮ್ಮ ತೆಲುಗು ಎಂದಳು, ಬಾಗಿಲಲ್ಲಿದ್ದ ವಾರ್ಡಿನವನು ಕನ್ನಡ ಎಂದ. ಹೊರಗೆ ಕೂತಿದ್ದ ರೋಗಿಗಳೂ ಪಕ್ಷ ಕಟ್ಟುವಷ್ಟರಲ್ಲಿ ದೊಡ್ಡಮ್ಮ ಇನ್ನೊಮ್ಮೆ ಮಂಚದ ಕೆಳಗೆ ಬಗ್ಗಿ ನೋಡಿ, ‘ಇಂಕೊಗಟಿ ಯಾಡ?’ ಎಂದರು. ಇನ್ನೊಂದು ಎಲ್ಲಿ? ನಿಜ, ಅಲ್ಲಿದ್ದದ್ದು ಒಂಟಿ ಚಪ್ಪಲಿ! ಡಾಕ್ಟರ ಮುಂದೆ ಮೊದಲು ಟೌನಿನ ತೆಲುಗು ಆಡಿದ ದೊಡ್ಡಮ್ಮ ಬೇಸರ ಬಂದ ಮೇಲೆ ಊರ ತೆಲುಗಿಗೆ ಇಳಿದಿದ್ದರು. ದೊಡ್ಡಪ್ಪ ಮಂಡಿಯೂರಿ, ಮಂಚದ ಕೆಳಗೆ ಆ ಕೊನೆಗೆ ಸರಿದಿದ್ದ ಇನ್ನೊಂದನ್ನು ಹುಡುಕಿ ತೆಗೆದು, ಅವರ ಕಾಲಿಗೆ ತಾವೇ ತೊಡಿಸಿದರು.

ಅಲ್ಲಿಂದ ಮುಂದೆ ದುಭಾಷಿಯ ಕೆಲಸ ನನ್ನ ತಲೆಗೆ ಬಿತ್ತು. ಕೋಲಾರದ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ ಬರುವವನು ನಾನು. ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಗೋಡೆಯಾಚೆಯಿಂದ ಕರೆ: ‘ಏನ್ಲಾ, ಬಾ, ಅವಳು ಏನೋ ಹೇಳ್ತಾ ಇದಾಳೆ!’ ಅಷ್ಟು ಹೊತ್ತಿಗೆ ದೊಡ್ಡಮ್ಮನ ತೆಲುಗು ಪದ ದಾಟಿ ವಾಕ್ಯಕ್ಕೆ ಬಂದಿತ್ತು. ವಾಕ್ಯ ದಾಟಿ ಇನ್ನೂ ಮುಂದಕ್ಕೆ ಹೋಗುವ ಲಕ್ಷಣ ತೋರಿಸುತ್ತಿತ್ತು. ಒಂದು ಸಂಜೆ ದೊಡ್ಡಪ್ಪ, ಕೋಲಿಲ್ಲದೆ ನಡೀಬೇಕಂತೆ ಹೇಳು ಎಂದರು. ದೊಡ್ಡಮ್ಮನಿಗೆ ಅದು ನೇರವಾಗಿಯೇ ಅರ್ಥವಾಗಿತ್ತು. ಶುರು ಮಾಡಿದರು ನೋಡಿ! ‘ಈಯಪ್ಪಕಿ ಏಮೀ ತೆಲೀದು’ ಎಂದು ಹೊರಟ ಮಾತು, ಈತನಿಗೆ ಏನೂ ತಿಳಿಯದೆಂಬಲ್ಲಿಂದ ಹಿಡಿದು, ಜೀವಮಾನವೆಲ್ಲ ಕುರ್ಚಿಯಲ್ಲಿ ಕೂತು ಊರವರ ನರ ಎಣಿಸಿದವರಿಗೆ ಹೆಂಡತಿಯ ಕಾಲುನೋವು ಹೇಗೆ ತಿಳಿಯಬೇಕು ಎಂಬಲ್ಲಿಗೆ ಹೋಗಿ ನಿಂತಿತು. ನಾನು ಗಂಟಲು ಸರಿಮಾಡಿಕೊಂಡು, ‘ಆಮೇಲೆ ನಡೀತಾರಂತೆ’ ಎಂದೆ.

ದೊಡ್ಡಪ್ಪ ನನ್ನನ್ನೇ ನೋಡಿದರು. ‘ಅವಳು ಅಷ್ಟುದ್ದ ಹೇಳಿದ್ಲು. ನೀನು ಇಷ್ಟಕ್ಕೇ ಮುಗಿಸ್ತೀಯ? ಮಿಕ್ಕಿದ್ದು ಎಲ್ಲಿ ಹಾಕ್ದೆ?’

‘ತೆಲುಗು ಅಂದ್ರೆ ಹಂಗೇ ದೊಡ್ಡಪ್ಪ. ಕನ್ನಡಕ್ಕೆ ಬಂದ್ರೆ ಬತ್ತಿಹೋಗುತ್ತೆ.’

‘ಲೇ, ನಿನ್ನ ನಂಬಿ ಸಂಸಾರ ಮಾಡೋಕಾಗಲ್ಲ!’ ಎಂದು ಎದ್ದರು. ಮಾರನೆಯ ದಿನ ನನಗೆ ಕೆಲಸವಿರಲಿಲ್ಲ. ದೊಡ್ಡಪ್ಪ ತೆಲುಗು ಕಲಿಯಲು ಹೊರಟಿದ್ದರು. ಸೀಟಿನ ಸಿದ್ಧಾಂತ ಏನಾಯಿತು ಎಂದು ಕೇಳಿದ್ದಕ್ಕೆ, ‘ಸೀಟಿಲ್ಲದಿದ್ರೆ ನಿಂತ್ಕೊಂಡಾದ್ರೂ ಬರಲಿ’ ಎಂದರು.

ಅವರು ಕಲಿತ ಬಗೆ ಹೇಳಿದರೆ ನೀವು ನಂಬುವುದಿಲ್ಲ. ಶ್ರೀನಿವಾಸಪುರದ ಬಸ್ಸು ಹತ್ತಿ ನಡುವಿನ ಸೀಟಿನಲ್ಲಿ ಕೂತು, ಜನ ಆಡುವ ಮಾತನ್ನೆಲ್ಲ ಕೇಳಿಸಿಕೊಂಡು, ಅಲ್ಲಿ ಇಳಿದು ಒಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದರು. ಬರುವಾಗ ಬಾಯಲ್ಲಿ ಮಣಮಣ. ವಿಜ್ಞಾನದ ಮೇಷ್ಟ್ರಲ್ಲವೇ, ಕೆಲವೇ ದಿನದಲ್ಲಿ ಒಂದು ಸೂತ್ರವನ್ನೂ ಕಂಡುಹಿಡಿದರು: ಕನ್ನಡದ ಹಕಾರ ತೆಗೆದು ಪಕಾರ ಹಾಕಿದರೆ ತೆಲುಗು! ಹಾಲು ಪಾಲು, ಹುಲಿ ಪುಲಿ, ಹಾಡು ಪಾಡು. ಸರಿಯಾಗಿಯೇ ಇತ್ತು. ಆ ಧೈರ್ಯದಲ್ಲಿ ಶ್ರೀನಿವಾಸಪುರದ ಅಂಗಡಿಯವಳ ಮುಂದೆ ನಿಂತು ‘ಪುಣಸೆಪಣ್ಣು’ ಕೇಳಿದರು. ಆಕೆ ಹುಣಸೆಯನ್ನು ಚಿಂತಪಂಡು ಎಂದು ಮಾರುವವಳು. ಇವರನ್ನು ಮೇಲಿಂದ ಕೆಳಗೆ ನೋಡಿ, ‘ಸ್ವಾಮೀ, ತಮಿಳು ನನಗೆ ಬರಲ್ಲ’ ಎಂದಳಂತೆ, ಸ್ವಚ್ಛ ಕನ್ನಡದಲ್ಲಿ!

ದೊಡ್ಡಮ್ಮ ಕೋಲಿಲ್ಲದೆ ನಡುಮನೆ ದಾಟಿದ ದಿನ ದೊಡ್ಡಪ್ಪನ ಸಂಭ್ರಮ ಹೇಳತೀರದು. ಪೇಟೆಗೆ ಓಡಿ ಡಬ್ಬಿ ತುಂಬ ಹಾಲಿನ ಪೇಡ ತಂದರು. ನಾವೆಲ್ಲ ಅಲ್ಲೇ ಇದ್ದೆವು, ಕ್ಯಾಲನೂರಿನಿಂದ ಮಗಳೂ ಬಂದಿದ್ದಳು. ದೊಡ್ಡಪ್ಪ ಬಸ್ಸಿನಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, ಮೊದಲ ಬಾರಿಗೆ ಹೆಂಡತಿಯ ಮುಂದೆ ತೆಲುಗಿನಲ್ಲಿ ಬಾಯಿ ತೆರೆದರು. ‘ನೀಕು ಪೇಡ ತೆಚ್ಚಿನಾನು. ತಿನು!’

ನಮ್ಮಮ್ಮ ತಲೆ ತಗ್ಗಿಸಿದರು. ಮಗಳು ಅಡುಗೆಮನೆಗೆ ಓಡಿದಳು. ಕನ್ನಡದ ಪೇಡ ಸಿಹಿಯಾದರೆ ತೆಲುಗಿನ ಪೇಡ ಸಗಣಿ! ‘ನಿನಗೆ ಸಗಣಿ ತಂದಿದೀನಿ, ತಿನ್ನು’ ಎಂದು ಗಂಡ ಡಬ್ಬಿ ಚಾಚಿ ನಿಂತಿದ್ದಾರೆ, ಮುಖದ ತುಂಬ ಪ್ರೀತಿ! ದೊಡ್ಡಮ್ಮ ಡಬ್ಬಿ ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ನಕ್ಕರು. ಕಾಹಿಲೆಯಾದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಜೋತಿದ್ದ ತುಟಿಯೂ ಸೇರಿ ಇಡೀ ಬಾಯಿ ನಗುತ್ತಿತ್ತು, ಕಣ್ಣಲ್ಲಿ ನೀರು ಬಂತು, ನಗು ನಿಲ್ಲಲೇ ಇಲ್ಲ. ದೊಡ್ಡಪ್ಪ ಏನೂ ತಿಳಿಯದೆ ತಾವೂ ನಕ್ಕರು. ಅರ್ಥ ಹೇಳಿದ ಮೇಲೆ ಇನ್ನೂ ಜೋರಾಗಿ ನಕ್ಕರು.

ಆ ನಗುವಿನ ಮೇಲೆ ಕಟ್ಟೆ ಒಡೆಯಿತು. ನಮ್ಮ ಮಿತಭಾಷಿ ದೊಡ್ಡಮ್ಮ ಇದ್ದರಲ್ಲ, ಅವರು ಎಲ್ಲಿ ಹೋದರೋ! ಗೋಡೆಯಾಚೆ ಬೆಳಗಿನಿಂದ ಸಂಜೆಯವರೆಗೆ ತೆಲುಗು. ತಡವರಿಸುತ್ತಾ, ಪದಕ್ಕೆ ಹುಡುಕಾಡುತ್ತಾ, ಸಿಕ್ಕಿದ ಮೇಲೆ ಬಿಡದೆ ಮಾತು. ತಾಯಲೂರಿನ ಕೆರೆಯಲ್ಲಿ ಅಣ್ಣಂದಿರಿಗಿಂತ ಮೊದಲು ಈಜು ಕಲಿತದ್ದು. ಹುಡುಗಿಯಾಗಿದ್ದಾಗ ಊರಿನವರ ನಡಿಗೆ, ಕೆಮ್ಮು, ಜಗಳಗಳನ್ನು ಅಣಕಿಸಿ ತೋರಿಸಿ ಏಟು ತಿಂದದ್ದು. ಅಣಕು ಈಗಲೂ ಮಾಡುತ್ತಿದ್ದರು. ನಮ್ಮಪ್ಪ ಸೀನುವುದನ್ನು ಮಾಡಿ ತೋರಿಸಿದಾಗ ಗೋಡೆಯ ಈಚೆ ನಾವೂ ಬಿದ್ದು ಬಿದ್ದು ನಕ್ಕೆವು. ಆ ಮಂಡಿ ಪರೀಕ್ಷೆಗೆ ಮೊದಲೇ ಕ್ಯಾಲನೂರಿನ ಹುಡುಗನ ಗುಣ ಎಂಥದೆಂದು ತಾವು ಹೇಳಿಕಳಿಸಿ ವಿಚಾರಿಸಿದ್ದೂ ಹೊರಬಿತ್ತು. ಎಲ್ಲಕ್ಕಿಂತ ದೊಡ್ಡ ಸುದ್ದಿ ಎಂದರೆ ಅವರಿಗೆ ಹೂಕೋಸು ಕಂಡರೆ ಮೊದಲಿನಿಂದಲೂ ಆಗುವುದಿಲ್ಲವಂತೆ! ‘ಮತ್ತೆ ಇಷ್ಟು ವರ್ಷ ಯಾಕೆ ತಿಂದೆ?’ ಎಂದು ದೊಡ್ಡಪ್ಪ ಅರೆಬರೆ ತೆಲುಗಿನಲ್ಲಿ ಕೇಳಿದರು. ಬೇಡ ಅನ್ನುವುದಕ್ಕೆ ಕನ್ನಡದಲ್ಲಿ ಅಷ್ಟು ಮಾತು ಜೋಡಿಸಬೇಕಿತ್ತಲ್ಲ, ಅದಕ್ಕಿಂತ ತಿನ್ನುವುದೇ ಸುಲಭವಾಗಿತ್ತು ಎಂದರು ದೊಡ್ಡಮ್ಮ. ದೊಡ್ಡಪ್ಪ ಸುಮ್ಮನೆ ತಲೆ ಕೆರೆದುಕೊಂಡರು.

ಮಾವಿನ ಕಾಯಿ ಪೇಟೆಗೆ ಬರುವ ಹೊತ್ತಿಗೆ ಮತ್ತೆ ತಪಾಸಣೆ. ಡಾಕ್ಟರು ಪೆನ್ನು, ಗಡಿಯಾರ ಎಲ್ಲ ಮುಗಿಸಿ, ದೊಡ್ಡಪ್ಪನ ಕಡೆ ಕೈ ತೋರಿಸಿ, ‘ಇವರು ಯಾರಮ್ಮಾ?’ ಎಂದರು. ದೊಡ್ಡಮ್ಮ ಕಣ್ಣು ಮುಚ್ಚಿದರು, ತುಟಿ ಅಲುಗಿಸಿದರು. ನಿಧಾನವಾಗಿ ಒಂದೊಂದಾಗಿ ಪದ ಬಂತು: ‘ನಮ್ಮ... ಮನೆಯೋರು.’

ಯಾರೂ ಅನುಮಾನಪಡುವಂತಿರಲಿಲ್ಲ, ಕನ್ನಡವೇ! ನರ್ಸಮ್ಮ ಚಪ್ಪಾಳೆ ತಟ್ಟಿದಳು. ದಾರಿ ತೆರೆದಿದೆ, ಇನ್ನು ಕನ್ನಡದಲ್ಲೇ ಮಾತಾಡಿಸಿ, ಗಟ್ಟಿಯಾಗುತ್ತೆ ಎಂದರು ಡಾಕ್ಟರು. ದೊಡ್ಡಪ್ಪ ಗೆದ್ದಿದ್ದರು. ಹಠ ಹಿಡಿದು, ಮಂಚ ಎಳೆದು, ಕಿವಿಯಲ್ಲಿ ಕೂಗಿ ಕೂಗಿ ಗಂಟಲು ಒಡೆದುಕೊಂಡದ್ದು ಇದಕ್ಕೇ ಅಲ್ಲವೇ? ಊರಿಗೆ ಬಂದು ನಾನೇ ಎಲ್ಲರಿಗೂ ಸುದ್ದಿ ಹಂಚಿದೆ.

ಡಾಕ್ಟರು ಹೇಳಿದಂತೆ ಮನೆಯಲ್ಲಿ ಮತ್ತೆ ಕನ್ನಡ ಶುರುವಾಯಿತು. ‘ಕಾಫಿ ಕುಡೀತೀಯಾ?’ ‘ಹೂಂ.’ ‘ಸುಸ್ತಾಗಿದ್ಯಾ?’ ‘ಇಲ್ಲ.’ ‘ನಡೀತೀಯಾ?’ ‘ಆಯ್ತು.’ ಪದಗಳೆಲ್ಲ ಸರಿಯಾಗಿಯೇ ಬರುತ್ತಿದ್ದವು. ಆದರೆ ಗೋಡೆಯಾಚೆ ಎಷ್ಟು ಹೊತ್ತು ಕಿವಿಗೊಟ್ಟರೂ ಬೇರೆ ಸದ್ದಿಲ್ಲ. ಅಣಕಿಲ್ಲ, ನಗುವಿಲ್ಲ, ಬೈಗುಳವಿಲ್ಲ. ನಮ್ಮಮ್ಮ, ‘ಅಕ್ಕನಿಗೆ ಮತ್ತೇನಾದ್ರೂ ಆಯ್ತೇನೋ, ಹೋಗಿ ನೋಡು’ ಎಂದರು.

ನಾನು ಹೋಗುವಷ್ಟರಲ್ಲಿ ದೊಡ್ಡಪ್ಪನೇ ನಮ್ಮ ಜಗಲಿಗೆ ಬಂದು ಕೂತರು. ಇನ್ನೂ ಬಿಸಿಲಿತ್ತು. ಏನು ದೊಡ್ಡಪ್ಪ, ಕನ್ನಡ ಬಂತಲ್ಲ, ಖುಷಿಯೇ ಎಂದೆ.

‘ಬಂತು ಕಣೋ’ ಎಂದರು. ಆಮೇಲೆ ನೆಲ ನೋಡಿಕೊಂಡು ಹೇಳಿದರು: ‘ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಹೂಂ ಅನ್ನೋದ್ರ ಜೊತೆ ಕಣೋ. ಇವಳ ಜೊತೆ ಮಾಡಿದ್ದು ಈ ನಾಕಾರು ತಿಂಗಳು ಮಾತ್ರ. ಅವಳನ್ನ ನಾನೇ ಹೊರಗೆ ನಿಲ್ಸಿದ್ದೆ. ಮತ್ತೆ ನಿಲ್ಸಲ್ಲ.’

ಆ ಗಡಸು ಮನುಷ್ಯನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅವರು ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು, ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಬಾಯಲ್ಲಿ ಏನನ್ನೋ ಮಣಮಣ ಹೇಳಿಕೊಳ್ಳುತ್ತಾ ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಧ್ವನಿ ಗೋಡೆ ದಾಟಿ ಬಂತು.

‘ಏಮೇ, ಕನ್ನಡ ಚಾಲು. ನೀ ಮಾಟ ಮಾಟ್ಲಾಡು. ನೇನು ವಿಂಟಾನು.’ ಕನ್ನಡ ಸಾಕು, ನಿನ್ನ ಮಾತು ಆಡು, ನಾನು ಕೇಳ್ತೀನಿ. ಒಂದು ತಪ್ಪೂ ಇರಲಿಲ್ಲ.

ನಾನು, ನಮ್ಮಮ್ಮ ಇಬ್ಬರೂ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆವು. ಕೊನೆಗೆ ದೊಡ್ಡಮ್ಮನ ಧ್ವನಿ ಬಂತು, ‘ಅಟ್ಲಯಿತೇ ಕೂಸೋಂಡಿ. ಶಾನಾ ಉಂದಿ.’

ಹಾಗಾದ್ರೆ ಕೂತ್ಕೊಳ್ಳಿ, ಬಹಳ ಇದೆ. ದೊಡ್ಡಪ್ಪ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.